ದೂರದವರ ಮತ, ಊರಿನ ಲೆಕ್ಕ

ಕೆಲವು ವರ್ಷಗಳ ಹಿಂದಿನ ಒಂದು ಚುನಾವಣೆ. ಮತದಾನದ ಹಿಂದಿನ ದಿನ ನಸುಕಿನಲ್ಲಿ ದೇವದುರ್ಗ ತಾಲೂಕಿನ ನಮ್ಮೂರ ಅಗಸಿ ಮುಂದೆ ಬೆಂಗಳೂರಿನಿಂದ ಬಂದ ಬಸ್ಸೊಂದು ನಿಂತಿತು. ಇಳಿದವರಲ್ಲಿ ನಮ್ಮ ಕಾಕಾನೂ ಇದ್ದ. ಹನ್ನೆರಡು ವರ್ಷಗಳಿಂದ ಅವನದು ಬೆಂಗಳೂರಿನಲ್ಲಿ ಗೌಂಡಿ ಕೆಲಸ. ಬಸ್ಸಿನ ಬಾಡಿಗೆ ಕೊಟ್ಟವನು ಒಬ್ಬ ಅಭ್ಯರ್ಥಿ. ಅವನಿಗೇ ಮತ ಹಾಕುವುದು ಎಂದು ಕಾಕಾ ಚಹಾ ಕುಡಿಯುತ್ತಲೇ ಹೇಳಿದ.

ನಾನು ಆಗಷ್ಟೇ ಪಿಎಚ್.ಡಿ.ಗೆ ಸೇರಿದ್ದೆ. ರಾಯಚೂರಿನಿಂದ ಬರುವಾಗ ಪುಸ್ತಕದ ಜೊತೆ ಒಂದಿಷ್ಟು ಗರ್ವವನ್ನೂ ತಂದಿದ್ದೆ. ಮತದಾರರನ್ನು ಪುಕ್ಕಟೆ ಸಾಗಿಸುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ ಎಂದು ವಿವರಿಸಿದೆ. "ಬಸ್ ನೋಡಬ್ಯಾಡ ಕಾಕಾ, ಆತ ಹಿಂದ ಏನ್ ಮಾಡ್ಯಾನ ಅದನ್ನ ನೋಡು" ಎಂದೆ.

ಕಾಕಾ ಸಿಟ್ಟಾಗಲಿಲ್ಲ. "ಅವ್ರು ಮಾಡಿದ್ದು ನೋಡಬೇಕಂದ್ರ ನನ್ನ ನೋಡು ತಮ್ಮಾ. ಹನ್ನೆರಡು ವರ್ಷದಾಗ ಯಾರ್ಯಾರೋ ಬಂದ್ರು, ಹೋದ್ರು. ನಾ ಇನ್ನಾ ಶೆಡ್ಡಿನ್ಯಾಗ ಅದೀನಿ. ಇದಾ ಅವ್ರು ಮಾಡಿದ್ದು" ಎಂದ.

ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಊರು ಬಿಟ್ಟವನು ಊರಿನ ನಾಯಕನನ್ನು ಯಾವುದರಿಂದ ಅಳೆಯಬೇಕು? ದೂರದಲ್ಲಿರುವವನಿಗೆ ಹಾಗೆ ಅಳೆಯುವ ಹಕ್ಕು ಎಷ್ಟಿದೆ?

ಕಾನೂನು ಮತವನ್ನು ವಾಸದ ಜಾಗಕ್ಕೆ ಕಟ್ಟಿಹಾಕಿದೆ. 'ಸಾಮಾನ್ಯ ನಿವಾಸಿ' ಎಂಬ ಮಾತು 1950ರ ಕಾಯ್ದೆಯಲ್ಲಿದೆ. ಕಾಕಾನ ಮೈ ಬೆಂಗಳೂರಿನಲ್ಲಿದೆ. ರೇಷನ್ ಕಾರ್ಡು, ತಾಯಿ, ಎರಡು ಎಕರೆ ಹೊಲ, ಹೆಸರು ಎಲ್ಲ ಊರಿನಲ್ಲಿವೆ. ಇಂಥವರಿಗಾಗಿ ಚುನಾವಣಾ ಆಯೋಗ 2023ರ ಜನವರಿಯಲ್ಲಿ ಒಂದು ಯಂತ್ರದ ಮಾದರಿಯನ್ನು ಪಕ್ಷಗಳ ಮುಂದಿಟ್ಟಿತು. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ಮತ ಹಾಕಬಹುದೆಂಬ ಯೋಚನೆ ಅದು. ಅನೇಕ ಪಕ್ಷಗಳು ಆಕ್ಷೇಪ ಎತ್ತಿದವು. ಅದು ಬಂದರೆ ಬಸ್ಸಿನ ಹಂಗು ತಪ್ಪೀತು, ನಿಜ. ಆದರೆ ಮತದ ನೆಪದಲ್ಲಾದರೂ ಊರಿನ ಮುಖ ನೋಡುವುದೂ ತಪ್ಪೀತು.

ದೂರದ ಮತದಾರರ ಈ ತೊಡಕು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ ನೆಲೆಸಿದ ಆರ್ಮೇನಿಯನ್ನರನ್ನು ನೋಡಿ. 1915ರಲ್ಲಿ ಆಟೊಮನ್ ಆಳ್ವಿಕೆಯಲ್ಲಿ ನಡೆದ ಹತ್ಯಾಕಾಂಡದಿಂದ ತಪ್ಪಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು ಅವರಲ್ಲಿ ಬಹಳ. ಅಧ್ಯಕ್ಷ ಹುದ್ದೆಗೆ ನಿಂತವರನ್ನು ಅವರು ದಶಕಗಳ ಕಾಲ ಕೇಳುತ್ತ ಬಂದದ್ದು ಒಂದು ಪ್ರಶ್ನೆ: ಅದನ್ನು 'ಜನಾಂಗಹತ್ಯೆ' ಎಂದು ಕರೆಯುವಿರಾ? ಬರಾಕ್ ಒಬಾಮ 2008ರಲ್ಲಿ ಅಭ್ಯರ್ಥಿಯಾಗಿದ್ದಾಗ ಹೌದೆಂದರು. ಅಧ್ಯಕ್ಷರಾದ ಎಂಟು ವರ್ಷವೂ ಏಪ್ರಿಲ್ 24ರ ಸಂದೇಶದಲ್ಲಿ ಆ ಶಬ್ದ ಬಳಸಲಿಲ್ಲ. ಜೋ ಬೈಡನ್ 2021ರ ಏಪ್ರಿಲ್ 24ರಂದು ಬಳಸಿದರು. ಸಾಲ ತೀರಿತು ಎನ್ನುವಷ್ಟರಲ್ಲಿ 2023ರ ಸೆಪ್ಟೆಂಬರ್ ಬಂತು. ಅಜರ್‌ಬೈಜಾನಿನ ಸೇನಾ ಕಾರ್ಯಾಚರಣೆಯ ಬಳಿಕ ನಾಗೋರ್ನೊ-ಕರಾಬಖ್‌ನಿಂದ ಲಕ್ಷಕ್ಕೂ ಹೆಚ್ಚು ಆರ್ಮೇನಿಯನ್ನರು ಮನೆಮಠ ಬಿಟ್ಟು ಹೊರಟರು. ಆಗ ಅಧಿಕಾರದಲ್ಲಿದ್ದವರೂ ಬೈಡನ್ನರೇ. ಶಬ್ದ ಕೊಟ್ಟ ಕೈಯನ್ನು ನೆನೆಯಬೇಕೋ, ಹೊರಟವರ ಸಾಲನ್ನು ನೆನೆಯಬೇಕೋ?

ನಮ್ಮ ಭಾಗದವರಿಗೆ ಈ ಪ್ರಶ್ನೆ ಹೊಸದಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ 'ಕಲ್ಯಾಣ ಕರ್ನಾಟಕ' ಆಯಿತು. ಹೆಸರು ಸಣ್ಣ ಸಂಗತಿಯೇನಲ್ಲ. ಆದರೆ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದದ್ದು ಎಂದು ಪಟ್ಟಿಯ ತಳದಲ್ಲಿಟ್ಟ ದೇವದುರ್ಗದಿಂದ ಜನ ಇಂದಿಗೂ ಗುಳೆ ಹೋಗುತ್ತಾರೆ. ಹೆಸರು ಕೊಟ್ಟವರ ಲೆಕ್ಕ ಹೆಸರಿನಲ್ಲೇ ಮುಗಿಯುವುದಿಲ್ಲ.

ಹಾಗಾದರೆ ಕಾಕಾ ಹೇಳಿದ್ದೇ ಸರಿಯೇ? ಎಲ್ಲರೂ ಒಂದೇ, ಬಸ್ ಕೊಟ್ಟವನೇ ವಾಸಿ ಎಂಬುದು? ಇಲ್ಲಿ ನನ್ನದೇ ಬದುಕು ಅಡ್ಡ ಬರುತ್ತದೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೇಳಿದ 371(ಜೆ) ವಿಧಿಯನ್ನು ಒಂದು ಕೇಂದ್ರ ಸರ್ಕಾರ ನಿರಾಕರಿಸಿತು. ಇನ್ನೊಂದು ಸರ್ಕಾರವಿದ್ದಾಗ, 2012ರ ಕೊನೆಯಲ್ಲಿ, ಸಂಸತ್ತು ಅದನ್ನು 98ನೇ ತಿದ್ದುಪಡಿಯಾಗಿ ಅಂಗೀಕರಿಸಿತು. ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ಇಲ್ಲಿನವರಿಗೆ ಮೀಸಲಾಯಿತು. ನನಗೆ ಸಿಕ್ಕದ್ದು ಅಂಥದೇ ಒಂದು ಸೀಟು. ಆ ಇಬ್ಬರೂ ಒಂದೇ ಎಂದು ನಾನು ಹೇಳಿದರೆ ಉಂಡ ಮನೆಗೆ ಎರಡು ಬಗೆದಂತೆ. ಆದರೆ ಕಾಕಾನ ಮಗ, ನನ್ನ ವಾರಿಗೆಯವನು, ಎಂಟನೇ ಇಯತ್ತೆಗೇ ಅಪ್ಪನ ಹಿಂದೆ ಬೆಂಗಳೂರಿಗೆ ಹೋದ. ಅವನ ಪಾಲಿಗೆ ಆ ವಿಧಿ ಬಂದೂ ಬಾರದ ಹಾಗೆ. ಒಂದೇ ಮನೆಯಲ್ಲಿ ಒಂದೇ ಕೆಲಸಕ್ಕೆ ಎರಡು ಲೆಕ್ಕ.

ನಮ್ಮ ವಾದ ಕೇಳುತ್ತ ಜೋಳ ಹಸನು ಮಾಡುತ್ತಿದ್ದ ಅಮ್ಮ, ಅಂದರೆ ಕಾಕಾನ ಅವ್ವ, ನಡುವೆ ಬಾಯಿ ಹಾಕಿದಳು: "ನೀವಿಬ್ರೂ ಊರಾಗ ಇರೋರಲ್ಲ. ಇರಾಕಿ ನಾ. ನನ್ನ ಒಬ್ರರ ಕೇಳಿದ್ರೇನು?"

ಕಾಕಾ ಬೆಂಗಳೂರಿನವನಾದರೆ ನಾನು ರಾಯಚೂರಿನವನಾಗಿದ್ದೆ. ದೂರ ಹೆಚ್ಚುಕಡಿಮೆ ಇರಬಹುದು, ಇಬ್ಬರೂ ಹೊರಗಿನವರೇ. ಕೇಳಿದೆವು. ಅವಳು ಬಾಯಲ್ಲೇ ಲೆಕ್ಕ ಒಪ್ಪಿಸಿದಳು: ನಿಂತ ಪಿಂಚಣಿ ಯಾರ ಮಾತಿನಿಂದ ಮತ್ತೆ ಬಂತು, ನಲ್ಲಿ ಕೂಡಿಸಿ ನೀರು ಬಿಡದವರು ಯಾರು, ಕಾಲುವೆಯ ಹೂಳು ತೆಗೆಸುತ್ತೇನೆಂದು ಎರಡು ಸಲ ಹೇಳಿ ಹೋದವರು ಯಾರು. ಪಿಂಚಣಿ ಕೊಡಿಸಿದವನೂ ಹೂಳು ಬಿಟ್ಟವನೂ ಒಬ್ಬನೇ ಆಗಿದ್ದ. ಅವಳಿಗೆ ಅದರಲ್ಲಿ ಗೊಂದಲವೇನಿರಲಿಲ್ಲ. ಜಮಾ ಒಂದು ಕಡೆ, ಖರ್ಚು ಒಂದು ಕಡೆ.

ನಮ್ಮ ಅತ್ತಿಯನ್ನು ಮಾನ್ವಿ ಕಡೆ ಕೊಟ್ಟಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಹೊಲ ಅವರದು. ಡ್ಯಾಮು ತುಂಬಿತೆಂದು ಪೇಪರಿನಲ್ಲಿ ಬಂದರೆ ಮಾವ ಹಿಗ್ಗುವುದಿಲ್ಲ, ತೂಬಿಗೆ ನೀರು ಬಂದ ದಿನ ಹಿಗ್ಗುತ್ತಾನೆ. ನಾಯಕನ ಕೆಲಸವನ್ನೂ ಹಾಗೆಯೇ ಕೊನೆಭಾಗದಲ್ಲಿ ನಿಂತು ಅಳೆಯಬೇಕೆಂದು ನನಗೀಗ ಅನ್ನಿಸುತ್ತದೆ. ದೂರ ಹೋದವನಿಗೆ ಮತದ ಹಕ್ಕಿದೆ, ಏಕೆಂದರೆ ಅವನು ಊರು ಬಿಟ್ಟದ್ದೇ ಆ ಲೆಕ್ಕದ ಒಂದು ಸಾಲು. ಆದರೆ ಅದು ಒಂದೇ ಸಾಲು. ಉಳಿದ ಸಾಲುಗಳನ್ನು ಊರಲ್ಲಿ ಉಳಿದವರನ್ನು ಕೇಳಿ ತುಂಬಿಕೊಳ್ಳುವುದು ಅವನ ಋಣ. ಓದಿದ ನನಗೂ ಅದೇ ಋಣ.

ಮರುದಿನ ಕಾಕಾ ಯಾರಿಗೆ ಮತ ಹಾಕಿದನೋ ನಾನು ಕೇಳಲಿಲ್ಲ. ಸಂಜೆ ಅದೇ ಬಸ್ಸು ಹೊರಟಾಗ ಕಿಟಕಿಯಿಂದ ಬಗ್ಗಿ, "ಅವ್ವ ಹೇಳಿದ್ದು ಬರದಿಟ್ಟುಕೋ ತಮ್ಮಾ, ಮುಂದಿನ ಸಲಕ್ಕ ಬೇಕಾಗ್ತದ" ಎಂದ. ಬರೆದಿಟ್ಟಿದ್ದೇನೆ. ಹೂಳಿನ ಮುಂದೆ ಇನ್ನೂ ಟಿಕ್ಕು ಬಿದ್ದಿಲ್ಲ.