ಬೀಗದ ಕೈ ಕೊಟ್ಟ ಮೇಲೆ

ಊರಿಗೆ ಹೊರಟವರು ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ಹೋಗುವುದು ನಮ್ಮಲ್ಲಿ ಹಳೆಯ ವಾಡಿಕೆ. ತುಲಸಿಗೆ ನೀರು ಹಾಕಬೇಕು, ಹಾಲಿನವನಿಗೆ ಹೇಳಬೇಕು; ಅಷ್ಟಕ್ಕಾಗಿ ಕೊಟ್ಟದ್ದು ಅದು. ಆ ನೆರೆಯವರು ಬೀರು ತೆರೆದು ಕಾಗದಪತ್ರಗಳನ್ನು ಓದಿ, “ಬೀಗದ ಕೈ ನೀವೇ ಕೊಟ್ಟಿರಲ್ಲ” ಎಂದರೆ ಯಾರೂ ಒಪ್ಪರು. ಬಾಗಿಲು ತೆರೆಯಲು ಕೊಟ್ಟ ಸಮ್ಮತಿ ಬೇರೆ, ಬಾಗಿಲೊಳಗಿನದೆಲ್ಲಕ್ಕೂ ಕೊಟ್ಟ ಸಮ್ಮತಿ ಬೇರೆ. ಎಲ್ಲರೂ ಬಲ್ಲ ಈ ನೀತಿ ಗಣಕಯಂತ್ರದ ಮುಂದೆ ಬಂದಾಗ ಮಾತ್ರ ತೊಡಕಾಗಿ ನಿಲ್ಲುತ್ತದೆ.

ಮೈಸೂರಿನಲ್ಲಿ ವಯಸ್ಸಾದ ತಾಯಿ, ಕಡಲಾಚೆ ಮಗ ಎಂದಿಟ್ಟುಕೊಳ್ಳೋಣ. ತಾಯಿಯ ಗಣಕ ಕೆಟ್ಟರೆ ಮಗ ಅಲ್ಲಿಂದಲೇ ಸರಿಪಡಿಸಬೇಕು. ಟೀಮ್‌ವ್ಯೂವರ್, ಎನಿಡೆಸ್ಕ್ ಮೊದಲಾದ ತಂತ್ರಾಂಶಗಳು ಇರುವುದು ಇದಕ್ಕೇ. ಅವುಗಳಲ್ಲಿ ಒಂದು ಏರ್ಪಾಡುಂಟು: ಒಮ್ಮೆ ಪಾಸ್‌ವರ್ಡ್ ಗೊತ್ತುಮಾಡಿಟ್ಟರೆ ಸಾಕು, ಈ ಕಡೆ ಯಾರೂ ಕುಳಿತಿರದಿದ್ದರೂ, ಯಾರೂ ‘ಆಗಲಿ’ ಎನ್ನದಿದ್ದರೂ, ಆ ಕಡೆಯವರು ಒಳಬರಬಹುದು.

ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ ಇದು ಅಷ್ಟು ಸಲೀಸಲ್ಲ. ಅಲ್ಲಿ ಕೀಲಿಮಣೆ, ಮೌಸುಗಳನ್ನು ದೂರದಿಂದ ಆಡಿಸಲು ಒಂದು ಅನುಮತಿ ಬೇಕು. 2019ರ ಕ್ಯಾಟಲೀನಾ ಆವೃತ್ತಿ ಬಂದಂದಿನಿಂದ ಪರದೆಯನ್ನು ನೋಡಲು ಇನ್ನೊಂದು ಬೇಕು. ಈ ಎರಡನೆಯದು ಇಲ್ಲದಿದ್ದರೆ ದೂರದವನಿಗೆ ಕಾಣುವುದು ಹಿನ್ನೆಲೆಯ ಚಿತ್ರವಷ್ಟೆ, ತೆರೆದಿಟ್ಟ ಬರಹವಲ್ಲ. ಮೊದಲನೆಯದನ್ನು ಕಚೇರಿಗಳವರು ತಮ್ಮ ನಿರ್ವಹಣೆಯ ಯಂತ್ರಗಳಿಗೆ ತಾವೇ ಕೊಡಬಲ್ಲರು. ಎರಡನೆಯದನ್ನು ಕೊಡುವ ಅಧಿಕಾರವನ್ನು ಆಪಲ್ ಅವರಿಗೂ ಬಿಡಲಿಲ್ಲ. ‘ಹೌದು’ ಎನ್ನುವುದನ್ನು ಯಂತ್ರದ ಮುಂದೆ ಕುಳಿತವರಿಗೇ ಮೀಸಲಿಟ್ಟಿತು. 2024ರ ಸೆಕ್ವೊಯಾ ಆವೃತ್ತಿಯಂತೂ, ಪರದೆ ನೋಡುವ ಹಲವು ತಂತ್ರಾಂಶಗಳ ವಿಷಯದಲ್ಲಿ, ತಿಂಗಳಿಗೊಮ್ಮೆ ಮತ್ತೆ ಕೇಳುವ ಪದ್ಧತಿಯನ್ನು ತಂದಿತು.

ಇದಕ್ಕೆ ಸಿಡುಕುವವರು ಕೇಡಿಗರೇನೂ ಅಲ್ಲ. “ಯಂತ್ರ ನನ್ನದು, ಮಗ ನನ್ನವನು, ನಡುವೆ ಕೇಳಲು ನೀನಾರು?” ಎಂದು ಆ ತಾಯಿ ಕೇಳಿದರೆ ಏನು ಹೇಳೋಣ? ಆಕೆ ಆಸ್ಪತ್ರೆಯಲ್ಲಿರುವಾಗ ವಿಮೆಯ ಕಾಗದ ಗಣಕದಲ್ಲಿದ್ದರೆ, ಮನೆಯಲ್ಲಿ ಗುಂಡಿ ಒತ್ತುವವರು ಯಾರು? ಸಮ್ಮತಿಯ ಹೆಸರಿನಲ್ಲಿ ಸಹಾಯವನ್ನೇ ತಡೆಯುವುದು ಧರ್ಮವೆನಿಸೀತೆ?

ವಾದ ಬಲವಾದದ್ದೇ. ಆದರೆ ಯಂತ್ರಕ್ಕೆ ಮಗನೂ ಒಂದೇ, ಕಳ್ಳನೂ ಒಂದೇ. ಎನಿಡೆಸ್ಕ್ ಹಾಕಿಸಿ ಜನರ ಖಾತೆಯಿಂದ ಹಣ ಎಗರಿಸುವ ವಂಚಕರ ಬಗೆಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ದೋಷ ತಂತ್ರಾಂಶದ್ದಲ್ಲ. ಇಂಥ ಮೋಸದಲ್ಲಿ ‘ಹೌದು’ ಎಂದು ಒತ್ತುವುದು ಹಣ ಕಳೆದುಕೊಳ್ಳುವವರ ಬೆರಳೇ. ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ! ಕೇಳಿದ್ದನ್ನೇ ಕೇಳುತ್ತಿದ್ದರೆ ಬೇಸತ್ತವರು ಓದದೆಯೇ ಒತ್ತುತ್ತಾರೆ. ಹಾಗಾದರೆ ಗುಂಡಿಯೊತ್ತಿದ ಮಾತ್ರಕ್ಕೆ ಸಮ್ಮತಿಯಾಗಲಿಲ್ಲ. ಏನನ್ನು ಕೊಡುತ್ತಿದ್ದೇನೆಂಬ ಅರಿವೂ ಬೇಕು.

ಬೀಗದ ಕೈ ಹಿಡಿದವರು ಸಜ್ಜನರಾದರೆ ಸಾಕಲ್ಲವೆ? ಸಾಲದು. ಅಮೆರಿಕದ ಪೆನ್ಸಿಲ್ವೇನಿಯಾದ ಲೋಯರ್ ಮೇರಿಯನ್ ಶಾಲಾ ಜಿಲ್ಲೆ ಸುಮಾರು 2,300 ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತ್ತು. ಕಳುವಾದರೆ ಪತ್ತೆಹಚ್ಚಲೆಂದು ದೂರದಿಂದಲೇ ಕ್ಯಾಮೆರಾ ಚಾಲೂ ಮಾಡುವ ಏರ್ಪಾಡನ್ನೂ ಅದರಲ್ಲಿ ಇರಿಸಿತ್ತು; ಮಕ್ಕಳಿಗಾಗಲಿ ಹೆತ್ತವರಿಗಾಗಲಿ ಅದನ್ನು ಸರಿಯಾಗಿ ತಿಳಿಸಿರಲಿಲ್ಲ. 2010ರಲ್ಲಿ ವಿದ್ಯಾರ್ಥಿಯೊಬ್ಬನ ಮನೆಯವರು ನ್ಯಾಯಾಲಯಕ್ಕೆ ಹೋದಾಗ ಹೊರಬಿದ್ದ ಚಿತ್ರಗಳು ಐವತ್ತು ಸಾವಿರಕ್ಕೂ ಮಿಕ್ಕಿದ್ದವು. ಹಲವು ಸಲ, ಯಂತ್ರ ಸಿಕ್ಕಿದ ಮೇಲೂ ಅದನ್ನು ನಿಲ್ಲಿಸಲು ಯಾರೂ ನೆನೆದಿರಲಿಲ್ಲ. ಜಿಲ್ಲೆ 6,10,000 ಡಾಲರು ಕೊಟ್ಟು ರಾಜಿಯಾಯಿತು. ಅಲ್ಲಿ ಕೆಡುಕಿಗೆ ಸಂಚು ಬೇಕಾಗಲಿಲ್ಲ, ಮರೆವೇ ಸಾಕಾಯಿತು.

ಪ್ರಶ್ನೆಯ ತಿರುಳು ಇಲ್ಲಿದೆ. ಇಂದು ಕೊಟ್ಟ ಸಮ್ಮತಿ ನಾಳೆಯ ನನ್ನನ್ನು ಎಷ್ಟರಮಟ್ಟಿಗೆ ಕಟ್ಟಿಹಾಕಬಹುದು? ಇಂದು ಪರದೆಯ ಮೇಲೆ ಏನಿದೆಯೆಂದು ಬಲ್ಲೆ. ನಾಳೆ ವೈದ್ಯರ ವರದಿ ಇರಬಹುದು, ತಂಗಿ ತನ್ನ ಸಂಕಟ ತೋಡಿಕೊಂಡ ಪತ್ರವಿರಬಹುದು. ಆ ಪತ್ರವನ್ನು ಇನ್ನೊಬ್ಬರಿಗೆ ತೋರಿಸಲು ತಂಗಿಯ ಪರವಾಗಿ ಸಮ್ಮತಿಸುವ ಹಕ್ಕು ನನಗೆಲ್ಲಿಯದು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರಲ್ಲಿ ಏಕಾಂತವನ್ನು ಮೂಲಭೂತ ಹಕ್ಕೆಂದು ಸಾರಿದರು. ಹಕ್ಕೆಂದ ಮೇಲೆ, ಒಮ್ಮೆ ‘ಹೂಂ’ ಎಂದ ಮಾತ್ರಕ್ಕೆ ಅದು ಕರಗಿಹೋಗಬಾರದು.

ಆದ್ದರಿಂದ ಬೀಗದ ಕೈ ಕೊಡಲೇಬಾರದೆಂದಲ್ಲ. ಕೊಟ್ಟವರಿಗೆ ತಾವು ಏನು ಕೊಟ್ಟೆವೆಂದು ತಿಳಿದಿರಬೇಕು. ಯಾರು ಯಾವಾಗ ಬಂದುಹೋದರೆಂಬುದು ಅವರ ಕಣ್ಣಿಗೆ ಬೀಳಬೇಕು. ಬೇಡವೆನಿಸಿದ ದಿನ, ಯಾರನ್ನೂ ಬೇಡದೆ, ಹಿಂದಕ್ಕೆ ಪಡೆಯುವಂತಿರಬೇಕು. ಈ ಮೂರೂ ಇದ್ದರೆ ತಾಯಿ ಎದುರಿಗಿಲ್ಲದಾಗಲೂ ಆಕೆಯ ಸಮ್ಮತಿ ಅಲ್ಲಿರುತ್ತದೆ. ಇಲ್ಲದಿದ್ದರೆ, ಆಕೆ ಯಂತ್ರದ ಮುಂದೆಯೇ ಕುಳಿತಿದ್ದರೂ ಅದು ಇಲ್ಲ. ತಿಂಗಳಿಗೊಮ್ಮೆ ಕೇಳುವ ಯಂತ್ರದ ಕಾಟವನ್ನು ಮಗ ತಪ್ಪಿಸಲಿ, ಅಡ್ಡಿಯಿಲ್ಲ, ಆದರೆ ಆ ಪ್ರಶ್ನೆಯನ್ನು ತಾನೇ ಆಗಾಗ ಕೇಳಲಿ: “ಅಮ್ಮಾ, ಇದು ಇನ್ನೂ ನನ್ನ ಹತ್ತಿರ ಇರಲೆ?”