ಕಿರ್ದಿಗೆ ಏರದ ಜಮೆ

ಗಣಕಯಂತ್ರದಲ್ಲಿ ನಡೆಯುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುವುದಕ್ಕೆ ಎರಡು ಮಾರ್ಗಗಳುಂಟು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರಂಭವಾದ ಯುನಿಕ್ಸ್ ಪರಂಪರೆಯಲ್ಲಿ ಇವು ಎರಡು ಸಂಕೇತಗಳು. 15ನೆಯದು 'ಮುಗಿಸು' ಎಂಬ ಕೋರಿಕೆ. ಪ್ರೋಗ್ರಾಮು ಕೈಯಲ್ಲಿರುವ ಬರಹವನ್ನು ಕಡತಕ್ಕೆ ಸೇರಿಸಿ, ಹಾಕಿದ ಬೀಗವನ್ನು ತೆಗೆದು, ತಾನೇ ನಿರ್ಗಮಿಸಬಹುದು. 9ನೆಯದು ಕೋರಿಕೆಯಲ್ಲ. ಅದನ್ನು ತಡೆಯುವಂತಿಲ್ಲ, ಅಲಕ್ಷಿಸುವಂತಿಲ್ಲ. ಆ ಕ್ಷಣವೇ ಅಂತ್ಯ. ಇತರ ವ್ಯವಸ್ಥೆಗಳಲ್ಲಿಯೂ ಇಂಥದೇ ಭೇದವುಂಟು.

ಯಂತ್ರದ ಈ ಸಂಗತಿಯಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಪ್ರೋಗ್ರಾಮಿಗೆ ಜೀವವಿಲ್ಲ, ನೋವಿಲ್ಲ. ಹಿಂಸೆಯ ಮಾತೇ ಏಳದು. ನಾನೂ ಹಾಗೆಯೇ ಭಾವಿಸಿದ್ದೆನು. ಒಂದು ಸಂಜೆ ಅಂಗಡಿ ಮುಚ್ಚುವ ಅವಸರದಲ್ಲಿ, ಲೆಕ್ಕದ ಪ್ರೋಗ್ರಾಮು ಸ್ತಬ್ಧವಾಗಿದೆಯೆಂದು ಬಗೆದು ಬಲವಂತವಾಗಿ ನಿಲ್ಲಿಸಿದೆನು. ಗಲ್ಲಾಪೆಟ್ಟಿಗೆಯಲ್ಲಿ ಹೆಚ್ಚಾಗಿ ಕಂಡ ಹಣವನ್ನು ಎಣಿಕೆಯ ತಪ್ಪೆಂದು ಬದಿಗಿಟ್ಟೆನು. ಮುಂದಿನ ವಾರ ವಸೂಲಿಗೆ ಹೋದ ಗುಮಾಸ್ತನು, ಹಳೆಯ ಗಿರಾಕಿಯೊಬ್ಬರನ್ನು, ಅವರು ಆ ಸಂಜೆಯೇ ತೀರಿಸಿದ್ದ ಬಾಕಿಗಾಗಿ ನಾಲ್ಕು ಜನರೆದುರು ಕೇಳಿಬಿಟ್ಟನು. ಜಮೆಯು ಯಂತ್ರದ ಸ್ಮೃತಿಯಲ್ಲಿತ್ತು, ಕಡತಕ್ಕೆ ಇಳಿದಿರಲಿಲ್ಲ.

ಬಲವಂತದ ಅಂತ್ಯದಿಂದ ಎಲ್ಲವೂ ಕೆಡುವುದಿಲ್ಲವೆಂಬುದನ್ನು ಆಮೇಲೆ ತಿಳಿದೆನು. ಪ್ರೋಗ್ರಾಮು ಪಡೆದಿದ್ದ ಸ್ಮೃತಿಯನ್ನು ಕಾರ್ಯಾಚರಣ ವ್ಯವಸ್ಥೆಯೇ ಹಿಂದಕ್ಕೆ ಪಡೆಯುತ್ತದೆ, ತೆರೆದ ಕಡತಗಳನ್ನು ಮುಚ್ಚುತ್ತದೆ. ಉಳಿಯುವುದು ಇತರರನ್ನು ತಟ್ಟುವಂಥದು: ಅರ್ಧ ಬರೆದ ಕಡತ, ಒಡೆಯನಿಲ್ಲದಿದ್ದರೂ 'ಬಳಕೆಯಲ್ಲಿದೆ' ಎನ್ನುತ್ತಲೇ ಇರುವ ಬೀಗದ ಕಡತ.

2003ರಲ್ಲಿ ಜಾರ್ಜ್ ಕಾಂಡಿಯಾ ಮತ್ತು ಅರ್ಮಾಂಡೊ ಫಾಕ್ಸ್ ಎಂಬ ವಿದ್ವಾಂಸರು ಬೇರೊಂದು ವಾದವನ್ನು ಮಂಡಿಸಿದರು. ಥಟ್ಟನೆ ನಿಂತರೂ ಕೆಡದಂತೆ ಪ್ರೋಗ್ರಾಮನ್ನು ರಚಿಸಬೇಕು. ಆಗ ಬೇರೆ ಬಗೆಯ ಅಂತ್ಯವೇ ಬೇಕಿಲ್ಲ. ಇದರಲ್ಲಿ ಸತ್ಯವಿದೆ. ವಿದ್ಯುತ್ತು ಯಾರ ಅಪ್ಪಣೆ ಕೇಳಿ ಹೋಗುತ್ತದೆ? ಉತ್ತಮ ದತ್ತಸಂಚಯಗಳು ಪ್ರತಿಯೊಂದು ಬದಲಾವಣೆಯನ್ನೂ ಮೊದಲು ಕಿರ್ದಿಯಂತಹ ದಾಖಲೆಯಲ್ಲಿ ಬರೆದು, ಅನಂತರವೇ ಖಾತೆಗೆ ಏರಿಸುತ್ತವೆ. ಮತ್ತೆ ಎದ್ದಾಗ ಅದನ್ನು ನೋಡಿ ಸರಿಪಡಿಸಿಕೊಳ್ಳುತ್ತವೆ. (ಇದನ್ನು ನಮ್ಮ ಅಂಗಡಿಗಳ ಹಿರಿಯರಿಗೆ ಯಾರೂ ಕಲಿಸಬೇಕಿರಲಿಲ್ಲ.)

ಆದರೆ ರಚಿಸುವವನ ಎಚ್ಚರವು ನಿಲ್ಲಿಸುವವನ ಅವಸರಕ್ಕೆ ಪರವಾನಗಿಯಾಗದು. ಒಳಗೆ ಯಾರ ಲೆಕ್ಕ ಅರ್ಧದಲ್ಲಿದೆಯೆಂದು ಅವನಿಗೆ ತಿಳಿಯದು. ಉತ್ತರವೇ ಬಾರದಿದ್ದರೆ 9ನ್ನು ಕಳಿಸುವುದರಲ್ಲಿ ದೋಷವಿಲ್ಲ, ಕೇಳದೆಯೇ ಕಳಿಸುವುದರಲ್ಲಿದೆ. ಇಂದಿನ ಬಹುತೇಕ ಲಿನಕ್ಸ್ ಯಂತ್ರಗಳಲ್ಲಿರುವ ಸಿಸ್ಟಂಡಿ ಮೊದಲು 15ನ್ನು ಕಳಿಸಿ, ಬೇರೆ ಆದೇಶವಿಲ್ಲದಿದ್ದರೆ 90 ಸೆಕೆಂಡು ಕಾಯುತ್ತದೆ.

ಆ ಸಂಜೆ ನಾನು ಹತ್ತು ಸೆಕೆಂಡೂ ಕಾದಿರಲಾರೆ. ಕ್ಷಮೆ ಕೇಳಲು ಗಿರಾಕಿಯ ಮನೆಗೆ ಹೋಗಿಬರುವುದಕ್ಕೆ ಅರ್ಧ ದಿನ ಹಿಡಿಯಿತು. ಅವರು ಆದರದಿಂದಲೇ ಮಾತನಾಡಿಸಿದರು. ನಮ್ಮಲ್ಲಿ ಮತ್ತೆ ಲೆಕ್ಕವಿಡಲಿಲ್ಲ.