ತಂದೆಯಿಲ್ಲದ ಸಂತತಿ

ಮಗುವಿದ್ದಲ್ಲಿ ತಾಯಿಯೂ ತಂದೆಯೂ ಇರಲೇಬೇಕೆಂಬುದು ಲೋಕಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲದ ತಿಳಿವಳಿಕೆ. ಹಸು, ಕುರಿ, ಕೋಳಿ, ನಾಯಿ ಮೊದಲಾದುವನ್ನು ಮನೆಯಂಗಳದಲ್ಲಿಯೇ ನೋಡುತ್ತ ಬೆಳೆದವರಿಗೆ ಇದರಲ್ಲಿ ಸಂದೇಹ ಹುಟ್ಟುವ ಸಂಭವವೇ ಇಲ್ಲ. ತರ್ಕಶಾಸ್ತ್ರದಲ್ಲಿ ಇಂಥ ನಿಯತಸಂಬಂಧಕ್ಕೆ ವ್ಯಾಪ್ತಿಯೆಂದು ಹೆಸರು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಅದರ ಪ್ರಸಿದ್ಧವಾದ ನಿದರ್ಶನ. ಆದರೆ ಅದೇ ಶಾಸ್ತ್ರವು ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ಪೃಥಿವಿಯ ವರ್ಗಕ್ಕೆ ಸೇರಿದ ಪದಾರ್ಥವೆಲ್ಲವೂ ಕಬ್ಬಿಣದಿಂದ ಗೀರಲ್ಪಡುತ್ತದೆಂದು ನೂರು ಕಡೆ ನೋಡಿ ನಿಶ್ಚಯಿಸಿದವನ ಮುಂದೆ ಒಂದು ವಜ್ರವನ್ನಿಟ್ಟರೆ ಸಾಕು, ಆ ನಿಶ್ಚಯವು ಮುರಿದುಬೀಳುತ್ತದೆ. ಹೀಗೆ ನಿಯಮವನ್ನು ಮೀರಿ ನಿಲ್ಲುವುದಕ್ಕೆ ನೈಯಾಯಿಕರು ಇಟ್ಟ ಹೆಸರು ವ್ಯಭಿಚಾರ. ಶಾಸ್ತ್ರದಲ್ಲಿ ಈ ಮಾತು ಊಹಿಸಿದವನ ಹೇತುವಿನಲ್ಲಿರುವ ದೋಷವನ್ನು ಹೇಳುತ್ತದೆ. ಲೋಕದಲ್ಲಿಯಾದರೋ ಅದು ಸಾಮಾನ್ಯವಾಗಿ ಒಬ್ಬ ಹೆಂಗಸಿನ ಮೇಲೆ ಹೊರಿಸುವ ಅಪವಾದ. ಒಂದೇ ಶಬ್ದಕ್ಕೆ ಒದಗಿದ ಈ ಎರಡು ಅರ್ಥಗಳ ನಡುವಣ ಅಂತರವು ಸ್ವಲ್ಪ ವಿಚಾರಮಾಡತಕ್ಕದ್ದಾಗಿದೆ. ಆ ವಿಚಾರಕ್ಕೆ ಬೇಕಾದ ವಜ್ರವು ದೂರದಲ್ಲಿಲ್ಲ. ಮನೆಯ ಹಿತ್ತಿಲಲ್ಲಿಯೇ ಇದೆ.

ಚಿತ್ರದುರ್ಗದ ಸೀಮೆಯು ಒಣನೆಲವೆಂದು ಹೆಸರಾದದ್ದು. ಆದರೂ ೧೯೦೭ರಲ್ಲಿ ಪೂರ್ಣವಾದ ಮಾರಿಕಣಿವೆಯ ಕಟ್ಟೆಯಿಂದ ನೀರುಣ್ಣುವ ಹಿರಿಯೂರಿನ ತೋಟಗಳಲ್ಲಿಯೂ, ಹೊಸದುರ್ಗ ಹೊಳಲ್ಕೆರೆಗಳ ತೆಂಗು ಅಡಕೆಗಳ ಬುಡದಲ್ಲಿಯೂ, ದುರ್ಗದ ಹಳೆಯ ಮನೆಗಳ ತುಳಸಿಕಟ್ಟೆಯ ತಂಪಿನಲ್ಲಿಯೂ ತೇವಕ್ಕೆ ಕೊರತೆಯಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಇಂಥ ಕಡೆ ಹೂವಿನ ಕುಂಡವನ್ನೆತ್ತಿದಾಗಲೋ ಗೊಬ್ಬರದ ಗುಂಡಿಯನ್ನು ಕೆದಕಿದಾಗಲೋ ಎರೆಹುಳುವಿನಂತೆ ತೋರುವ, ಆದರೆ ಎರೆಹುಳುವಿಗಿಲ್ಲದ ಚುರುಕಿನಿಂದ ಹರಿದು ಮಣ್ಣಿನಲ್ಲಿ ಮರೆಯಾಗುವ ಒಂದು ಜಂತು ಕಣ್ಣಿಗೆ ಬೀಳುತ್ತದೆ. ಇದೇ ಹುಳುಹಾವು, ಕುರುಡುಹಾವೆಂದೂ ಹೇಳುವುದುಂಟು. ಉದ್ದ ಐದಾರು ಅಂಗುಲ. ಕಣ್ಣುಗಳೆಂಬುವು ಹುರುಪೆಯ ಕೆಳಗಣ ಎರಡು ಕಪ್ಪು ಚುಕ್ಕೆಗಳು. ಬೆಳಕು ಕತ್ತಲೆಗಳ ಭೇದವನ್ನರಿಯುವುದಕ್ಕೆ ಮಾತ್ರ ಸಾಕಾದುವು. ಇರುವೆ ಗೆದ್ದಲುಗಳ ಮೊಟ್ಟೆ ಮರಿಗಳೇ ಇದರ ಆಹಾರ. ವಿಷವೆಂಬುದಿಲ್ಲ. ಮಲಗಿದವರ ಕಿವಿಗೆ ನುಗ್ಗುವುದೆಂಬ ಆಧಾರವಿಲ್ಲದ ಭಯದಿಂದ ಇದನ್ನು ಹೊಸಕಿಹಾಕುವವರು ಹಲವರು. ನಾಗರಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವವರು ನಾಗರನನ್ನು ನೆನೆಯುತ್ತಾರೆ. ಆ ಹುತ್ತವನ್ನು ಕಟ್ಟಿದ ಗೆದ್ದಲನ್ನಾಗಲಿ, ಆ ಗೆದ್ದಲನ್ನುಂಡು ಬದುಕುವ ಈ ಕಿರಿಯ ಹಾವನ್ನಾಗಲಿ ನೆನೆಯುವವರಿಲ್ಲ.

೧೮೦೩ರಲ್ಲಿ ದೊದಾಂ ಎಂಬ ಫ್ರೆಂಚ್ ಪಂಡಿತನು ವಿಶಾಖಪಟ್ಟಣದ ಹಾವೊಂದರ ವರ್ಣನೆಯನ್ನಾಧರಿಸಿ ಇದಕ್ಕೆ ಶಾಸ್ತ್ರೀಯವಾದ ನಾಮಕರಣ ಮಾಡಿದನು. ಬ್ರಾಹ್ಮಣಶಬ್ದದಿಂದ ಬಂದ ‘ಬ್ರಾಮಿನಸ್’ ಎಂಬುದು ಆ ಹೆಸರಿನಲ್ಲಿ ಸೇರಿತು. ಅನಂತರ ಎಷ್ಟು ಹಾವುಗಳನ್ನು ಹಿಡಿದು ಪರೀಕ್ಷಿಸಿದರೂ ಎಲ್ಲವೂ ಹೆಣ್ಣೇ. ಗಂಡೆಂದು ನಿಸ್ಸಂದೇಹವಾಗಿ ಹೇಳಬಹುದಾದ ಒಂದೂ ದೊರೆಯಲಿಲ್ಲ. ಪ್ರಾಣಿಗಳ ಕಣಗಳಲ್ಲಿ ಸಾಮಾನ್ಯವಾಗಿ ತಾಯಿಯಿಂದ ಬಂದದ್ದೊಂದು, ತಂದೆಯಿಂದ ಬಂದದ್ದೊಂದು, ಹೀಗೆ ವರ್ಣತಂತುಗಳ ಎರಡು ಗಣಗಳಿರುತ್ತವೆ. ಈ ಹಾವಿನಲ್ಲಿ ಮೂರು ಗಣಗಳಿರುವುವೆಂದು ೧೯೮೭ರಲ್ಲಿ ಪ್ರಕಟವಾಯಿತು. ಗಂಡಿನ ಸಂಪರ್ಕವಿಲ್ಲದೆ ಇದು ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳಿಂದ ಹೆಣ್ಣುಮರಿಗಳೇ ಹೊರಡುತ್ತವೆ. ಅವೂ ಬೆಳೆದು ತಾಯಿಯಂತೆಯೇ ನಡೆಯುತ್ತವೆ. ಇಡೀ ಜಾತಿಯೇ ಹೀಗೆ ನಡೆಯುವ ಹಾವು ಇದುವರೆಗೆ ತಿಳಿದಮಟ್ಟಿಗೆ ಇದೊಂದೇ. ಒಂದೇ ಒಂದು ಹಾವು ಗಿಡದ ಬೇರಿನ ಮಣ್ಣಿನೊಡನೆ ಹಡಗನ್ನೇರಿದರೂ, ಇಳಿದ ಕಡೆ ಒಂದು ಸಂಸಾರವನ್ನೇ ಹೂಡಬಲ್ಲದು. ಹೀಗಾಗಿ ಇದು ಆಫ್ರಿಕ, ಅಮೆರಿಕ, ಆಸ್ಟ್ರೇಲಿಯಗಳಿಗೂ ಪೆಸಿಫಿಕ್ ಸಾಗರದ ದ್ವೀಪಗಳಿಗೂ ಹರಡಿತು. ಪಾಶ್ಚಾತ್ಯರು ಇದನ್ನು ಹೂಕುಂಡದ ಹಾವೆಂದು ಕರೆಯುವುದು ಈ ಪ್ರಯಾಣದ ಗುರುತು.

ಸರೀಸೃಪಗಳಲ್ಲಿ ಈ ಸಂಗತಿಯು ಇದೊಂದಕ್ಕೇ ಸೀಮಿತವಲ್ಲ. ಅರ್ಮೇನಿಯದ ಬಂಡೆಗಳಲ್ಲಿ ವಾಸಮಾಡುವ ಕೆಲವು ಹಲ್ಲಿಗಳಲ್ಲಿ ಹೆಣ್ಣುಗಳೇ ಸಂತಾನವನ್ನು ನಡೆಸಿಕೊಂಡು ಬರುವುದನ್ನು ರಷ್ಯದ ದರೆವ್‌ಸ್ಕಿಯು ೧೯೫೮ರಲ್ಲಿ ಪ್ರಕಟಿಸಿದನು. ಗಂಡು ಹೆಣ್ಣುಗಳೆರಡೂ ಉಳ್ಳ ಜಾತಿಗಳಲ್ಲಿಯೂ ಒಮ್ಮೊಮ್ಮೆ ಹೀಗಾಗುವುದುಂಟು. ಇಂಗ್ಲೆಂಡಿನ ಮೃಗಶಾಲೆಗಳಲ್ಲಿ ಕೊಮೊಡೊ ದ್ವೀಪದ ದೊಡ್ಡ ಉಡಗಳು ಗಂಡಿನ ನೆರವಿಲ್ಲದೆ ಮೊಟ್ಟೆಯಿಟ್ಟ ವೃತ್ತಾಂತವು ೧೯೦೬ರದಲ್ಲ, ಈಚಿನ ೨೦೦೬ರದು. ಅಮೆರಿಕದ ಕಾಡಿನ ಮಂಡಲಜಾತಿಯ ಹಾವುಗಳಲ್ಲಿಯೂ ಇದು ನಡೆಯುವುದೆಂದು ೨೦೧೨ರಲ್ಲಿ ಗೊತ್ತಾಯಿತು. ಕೋಸ್ಟರೀಕ ದೇಶದಲ್ಲಿ ಎರಡನೆಯ ವಯಸ್ಸಿನಿಂದ ಹದಿನಾರು ವರ್ಷ ಒಂಟಿಯಾಗಿದ್ದ ಹೆಣ್ಣುಮೊಸಳೆಯೊಂದು ೨೦೧೮ರಲ್ಲಿ ೧೪ ಮೊಟ್ಟೆಗಳನ್ನಿಟ್ಟಿತು; ಅವುಗಳೊಂದರಲ್ಲಿ ಪೂರ್ಣವಾಗಿ ರೂಪುಗೊಂಡಿದ್ದರೂ ಜೀವವಿಲ್ಲದ ಮರಿಯಿದ್ದಿತು.

ಇದು ಹೇಗೆ ಸಾಧ್ಯವೆಂದರೆ, ಅಂಡವು ಸಿದ್ಧವಾಗುವಾಗ ಅದರೊಡನೆ ಹುಟ್ಟಿ ಸಾಮಾನ್ಯವಾಗಿ ವ್ಯರ್ಥವಾಗಿಹೋಗುವ ಸಣ್ಣ ಕಣಗಳುಂಟು. ಅವುಗಳಲ್ಲೊಂದು ಮರಳಿ ಅಂಡದೊಡನೆ ಸೇರಿ, ತಂದೆಯ ಬೀಜವು ಮಾಡಬೇಕಾದ ಕೆಲಸವನ್ನು ತಾನು ಮಾಡುತ್ತದೆ. ಬೇರೆ ಕೆಲವು ಹಲ್ಲಿಗಳಲ್ಲಿ ವಿಭಾಗವಾಗುವುದಕ್ಕೆ ಮುಂಚೆಯೇ ವರ್ಣತಂತುಗಳು ಇಮ್ಮಡಿಯಾಗುವುದರಿಂದ ಮರಿಗೆ ತಾಯಿಯ ಪಾಲೆಲ್ಲವೂ ದೊರೆಯುತ್ತದೆ. ಆದರೆ ಇಂಥದನ್ನು ಕಂಡೊಡನೆ ಪಂಡಿತರು ನಂಬಿಬಿಡಲಿಲ್ಲ. ಕೆಲವು ಹಾವುಗಳು ಗಂಡಿನ ಬೀಜವನ್ನು ವರ್ಷಗಟ್ಟಲೆ ಒಡಲಲ್ಲಿ ಕಾಪಾಡಿಕೊಂಡು ಬಳಿಕ ಉಪಯೋಗಿಸಿಕೊಳ್ಳಬಲ್ಲುವು. ಆದಕಾರಣ ಮರಿಯ ಮತ್ತು ತಾಯಿಯ ಆನುವಂಶಿಕ ದ್ರವ್ಯವನ್ನು ಹೋಲಿಸಿ, ಮರಿಯಲ್ಲಿ ತಾಯಿಯದಲ್ಲದ ಅಂಶ ಯಾವುದೂ ಇಲ್ಲವೆಂದು ಕಂಡ ಮೇಲೆಯೇ ಸಿದ್ಧಾಂತ ಮಾಡಿದರು. ತಂದೆಯಿಲ್ಲವೆನ್ನುವುದಕ್ಕೂ ಪ್ರಮಾಣ ಬೇಕು, ಇದ್ದಾನೆನ್ನುವುದಕ್ಕೂ ಪ್ರಮಾಣ ಬೇಕು.

ಈ ವಿಷಯವು ಮಾತಿಗೆ ಬಂದೆಡೆಯಲ್ಲೆಲ್ಲ ಮೂರು ಪಕ್ಷಗಳು ಏಳುವುದುಂಟು. ಪುರಾಣದ ಅಯೋನಿಜರ ಕಥೆಗಳೆಲ್ಲ ಈಗ ಪ್ರತ್ಯಕ್ಷವಾಗಿ ಸಿದ್ಧವಾದುವೆಂಬುದು ಮೊದಲನೆಯ ಪಕ್ಷ. ಇದು ನಿಲ್ಲತಕ್ಕದ್ದಲ್ಲ. ಮೊಲೆಯುಣಿಸುವ ಪ್ರಾಣಿಗಳ ಬೀಜಗಳಲ್ಲಿ ತಾಯಿಯ ಮುದ್ರೆ ಬೇರೆ, ತಂದೆಯ ಮುದ್ರೆ ಬೇರೆ. ಎರಡೂ ಕೂಡದೆ ಪಿಂಡವು ಬೆಳೆದು ಪೂರ್ತಿಯಾಗದೆಂಬುದು ಇಲಿಗಳ ಪರೀಕ್ಷೆಯಿಂದ ೧೯೮೪ರಲ್ಲಿ ತಿಳಿಯಿತು. ಹಾವಿನ ಸಾಕ್ಷ್ಯವು ಹಾವಿನ ಮಟ್ಟಿಗೇ ಸರಿ. ಪುರಾಣಕ್ಕೆ ತನ್ನದೇ ಆದ ತಾತ್ಪರ್ಯವುಂಟು; ಅದಕ್ಕೆ ಹುಳುಹಾವಿನ ಊರೆಗೋಲು ಬೇಕಾಗಿಲ್ಲ.

ಎರಡನೆಯದು, ಗಂಡು ಹೆಣ್ಣು ಕೂಡಿ ಸಂತಾನ ಪಡೆಯುವುದೇ ಪ್ರಕೃತಿಯ ಕಟ್ಟಳೆಯಾದುದರಿಂದ ಆ ದಾರಿಯಲ್ಲಿ ನಡೆಯದವರು, ನಡೆಯಲಾರದವರು, ಪ್ರಕೃತಿಗೆ ವಿರುದ್ಧರೆಂಬ ಪಕ್ಷ. ಮದುವೆಯಾಗದೆ ಉಳಿದವರ ಮೇಲೆಯೂ ಮಕ್ಕಳಾಗದವರ ಮೇಲೆಯೂ ಈ ಮಾತಿನ ಏಟು ಬೀಳುತ್ತಲೇ ಇರುತ್ತದೆ. ಹೂಕುಂಡದ ಕೆಳಗಣ ಹಾವು ಇದಕ್ಕೆ ಸದ್ದಿಲ್ಲದ ಉತ್ತರ: ಪ್ರಕೃತಿಗೆ ಒಂದೇ ಕಟ್ಟಳೆಯೆಂಬುದಿಲ್ಲ. ಮೂರನೆಯವರು ಇದನ್ನೇ ಹಿಡಿದುಕೊಂಡು, ಹಾಗಾದರೆ ಒಬ್ಬರ ಹಂಗು ಒಬ್ಬರಿಗಿಲ್ಲದೆ ಬಾಳುವುದೇ ಮೇಲೆನ್ನುತ್ತಾರೆ. ಇದೂ ದುಡುಕು. ಒಂಟಿಯಾಗಿ ಸಂತಾನ ಪಡೆಯುವುದರಿಂದ ಬೇಗ ಹೆಚ್ಚುವ ಲಾಭವುಂಟು. ಆದರೆ ಮರಿಗಳು ತಾಯಿಯ ಪಡಿಯಚ್ಚುಗಳಾಗುವುದರಿಂದ, ತಾಯಿಯನ್ನು ಕೊಲ್ಲಬಲ್ಲ ರೋಗವೊಂದು ಬಂದರೆ ಅವುಗಳನ್ನೂ ಕೊಲ್ಲಬಲ್ಲದು. ಅದೂ ಅಲ್ಲದೆ ಹಾವಿನಿಂದ ಧರ್ಮವನ್ನು ಕಲಿಯಹೊರಟವನು ಯಾವ ಹಾವನ್ನು ಗುರುವಾಗಿ ಆರಿಸಿಕೊಳ್ಳಬೇಕು? ಕಾಳಿಂಗಸರ್ಪವು ಎಲೆಗಳನ್ನು ಒಟ್ಟಿ ಗೂಡುಮಾಡಿ ಮೊಟ್ಟೆಗಳನ್ನು ಕಾಯುತ್ತದೆ. ಹೆಬ್ಬಾವು ಮೊಟ್ಟೆಗಳಿಗೆ ಸುತ್ತಿಕೊಂಡು ಮಲಗುತ್ತದೆ. ಮೊಟ್ಟೆಯಿಟ್ಟು ತಿರುಗಿಯೂ ನೋಡದೆ ಹೋಗುವ ಹಾವುಗಳು ಲೆಕ್ಕವಿಲ್ಲದಷ್ಟಿವೆ. ಇವುಗಳಲ್ಲೊಂದನ್ನು ಆರಿಸಿಕೊಳ್ಳುವ ವಿವೇಕವು ಮೊದಲೇ ಮನುಷ್ಯನಲ್ಲಿರಬೇಕು. ಇದ್ದ ಮೇಲೆ ಹಾವನ್ನು ಕೇಳಬೇಕಾದದ್ದೇನು? ಪ್ರಕೃತಿಯು ಇರುವುದನ್ನು ತೋರಿಸುತ್ತದೆ. ಇರಬೇಕಾದದ್ದನ್ನು ತೋರಿಸುವ ಭಾರ ಮನುಷ್ಯನದೇ.

ಹಾಗಾದರೆ ಈ ಜಂತುವಿನಿಂದ ಕಲಿಯತಕ್ಕದ್ದು ಏನೂ ಇಲ್ಲವೆ? ಒಂದುಂಟು. ಊರೂರಿನ ಅರಳಿಕಟ್ಟೆಗಳ ಮೇಲೆ ಸಾಲಾಗಿ ನಿಂತ ನಾಗರಕಲ್ಲುಗಳಲ್ಲಿ ಮಕ್ಕಳಿಲ್ಲದವರ ಹರಕೆಯಿಂದ ಪ್ರತಿಷ್ಠಿತವಾದುವು ಎಷ್ಟೋ. ಅರಿಸಿನ ಕುಂಕುಮಗಳು ಕಲ್ಲಿಗೆ ಮೆತ್ತಿದಂತೆ ‘ದೋಷ’ವೆಂಬ ಮಾತು ಆ ಹೆಂಗಸಿಗೆ ಮೆತ್ತಿಕೊಳ್ಳುತ್ತದೆ. ಪ್ರದಕ್ಷಿಣೆ ಅವಳದು, ಉಪವಾಸ ಅವಳದು, ನಾಮಕರಣದ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂಡುವ ಸಂಕೋಚವೂ ಅವಳದೇ. ಮಕ್ಕಳಾಗದ ದಂಪತಿಗಳಲ್ಲಿ ಅರ್ಧಕ್ಕೆ ಹತ್ತಿರದ ಸಂದರ್ಭಗಳಲ್ಲಿ ಪುರುಷನಲ್ಲಿಯೂ ಕಾರಣವಿರುವುದೆಂದು ವೈದ್ಯರು ಹೇಳುತ್ತಿದ್ದರೂ, ಕಟ್ಟೆಯನ್ನು ಸುತ್ತುವ ಗಂಡಸರು ವಿರಳ. ಕಲ್ಲಿಗೆ ಕೈಮುಗಿಯುವ ಭಕ್ತಿಯು ಆಕ್ಷೇಪಕ್ಕೆ ವಿಷಯವಲ್ಲ. ಕಾರಣ ತಿಳಿಯದೆಂಬ ತನ್ನ ಅಜ್ಞಾನವನ್ನು ಇನ್ನೊಬ್ಬಳ ಪಾಪವನ್ನಾಗಿ ಮಾಡುವ ಬುದ್ಧಿಯು ಆಕ್ಷೇಪಕ್ಕೆ ವಿಷಯ. ಮಗು ಹುಟ್ಟದಿದ್ದರೆ ತಾಯಿಯ ದೋಷ. ತಂದೆ ಕಾಣದ ಮಗು ಹುಟ್ಟಿದರೂ ತಾಯಿಯ ದೋಷ. ನೈಯಾಯಿಕನಾದರೋ ನಿಯಮ ಮುರಿದಾಗ ದೋಷವನ್ನು ಮೊದಲು ತನ್ನ ಹೇತುವಿನಲ್ಲಿ ಹುಡುಕುತ್ತಾನೆ.

ಹೊಳಲ್ಕೆರೆಯ ಪ್ರಸನ್ನಗಣಪತಿಯ ಮುಂದೆ ನಿಂತು ಕೈಮುಗಿಯುವವರಿಗೆಲ್ಲ ಗಣಪತಿಯ ಜನ್ಮದ ಕಥೆ ಗೊತ್ತು. ಪಾರ್ವತಿಯು ತಾನೊಬ್ಬಳೇ ತನ್ನ ಮೈಯ ಮಣ್ಣಿನಿಂದ ಅವನನ್ನು ಮಾಡಿ ಬಾಗಿಲಲ್ಲಿ ನಿಲ್ಲಿಸಿದಳು. ಹೊರಗಿನಿಂದ ಬಂದ ಶಿವನಿಗೆ ಆ ಬಾಲಕನು ಯಾರೆಂಬುದು ತಿಳಿಯದು. ತಿಳಿಯದುದನ್ನು ಕೇಳಿ ತಿಳಿಯುವ ತಾಳ್ಮೆ ಆ ಗಳಿಗೆಯಲ್ಲಿ ಮಹಾದೇವನಿಗೂ ಇಲ್ಲದೆಹೋಯಿತು, ತಲೆಯುರುಳಿತು. ಅನಂತರ ಆನೆಯ ತಲೆಯನ್ನು ತಂದು ಜೋಡಿಸಿ, ಮಗನೆಂದು ಒಪ್ಪಿ, ಗಣಗಳಿಗೆಲ್ಲ ಒಡೆಯನನ್ನಾಗಿ ಮಾಡಿದನಷ್ಟೆ. ಕಡಿದ ತಲೆಯನ್ನು ಹಾಗೆ ಕೂಡಿಸುವ ಶಕ್ತಿ ದೇವರಿಗುಂಟು. ಮನುಷ್ಯರಿಗೆ ಅದಿಲ್ಲವಾದುದರಿಂದ, ಎತ್ತಿದ ಕೈಯನ್ನು ತಡೆದು ಮೊದಲು ಕೇಳುವುದೇ ಅವರಿಗೆ ಉಳಿದ ದಾರಿ.